68 ಬಾರಿ ನೆಲಕ್ಕುರುಳಿದ ಹೊಸ ಹುಡುಗ: ತಪ್ಪು ಕ್ವಾರ್ಟರ್‌ಬ್ಯಾಕ್‌ನದೋ, ಮುಂದೆ ನಿಂತ ಐವರದೋ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಂಡ ಸತತವಾಗಿ ಸೋಲತೊಡಗಿದರೆ ಅದರ ಅಭಿಮಾನಿಗಳ ಮಾತು ಬಹುಬೇಗ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಹೊಸದಾಗಿ ಬಂದ ಕ್ವಾರ್ಟರ್‌ಬ್ಯಾಕ್ ಸರಿಯಿಲ್ಲವೋ, ಅವನನ್ನು ಕಾಯಬೇಕಾದ ಆಫೆನ್ಸಿವ್ ಲೈನ್ ಸರಿಯಿಲ್ಲವೋ? 2024ರಲ್ಲಿ ಶಿಕಾಗೊ ಬೇರ್ಸ್ ತಂಡದ ಅಭಿಮಾನಿಗಳು ಇಡೀ ಸೀಸನ್ ಕಳೆದದ್ದು ಈ ಜಗಳದಲ್ಲೇ. ಆ ವರ್ಷದ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲ ಆಯ್ಕೆಯಾಗಿ ಬಂದ ಕೇಲೆಬ್ ವಿಲಿಯಮ್ಸ್ 17 ಪಂದ್ಯಗಳಲ್ಲಿ 68 ಬಾರಿ ಸ್ಯಾಕ್ ಆದರು. ಆ ಸೀಸನ್‌ನಲ್ಲಿ ಎನ್‌ಎಫ್‌ಎಲ್‌ನ ಬೇರಾವ ಕ್ವಾರ್ಟರ್‌ಬ್ಯಾಕ್ ಕೂಡ ಅಷ್ಟು ಸಲ ನೆಲಕ್ಕೆ ಬೀಳಲಿಲ್ಲ.

ನಮ್ಮಲ್ಲಿ ಫುಟ್‌ಬಾಲ್ ಎಂದರೆ ಮೆಸ್ಸಿ, ರೊನಾಲ್ಡೊ, ಸುನಿಲ್ ಛೆಟ್ರಿ. ಕೈಯಲ್ಲಿ ಚೆಂಡು ಹಿಡಿದು, ಹೆಲ್ಮೆಟ್ ಹಾಕಿಕೊಂಡು ಢಿಕ್ಕಿ ಹೊಡೆಯುವ ಈ ಆಟ ಹೊರಗಿನವರಿಗೆ ಬರೀ ಗದ್ದಲದಂತೆ ಕಾಣುವುದು ಸಹಜ. ಶಿಕಾಗೊದಲ್ಲಿ ಭಾನುವಾರ ಮಧ್ಯಾಹ್ನ 12ಕ್ಕೆ ಶುರುವಾಗುವ ಪಂದ್ಯ ಇಲ್ಲಿ ರಾತ್ರಿ ಹತ್ತೂವರೆಗೆ, ನವೆಂಬರ್ ನಂತರವಾದರೆ ಹನ್ನೊಂದೂವರೆಗೆ. ಅಮೆರಿಕದಲ್ಲಿರುವ ಮಗನೋ ಮಗಳೋ ಸೋಮವಾರ ಫೋನ್ ಮಾಡಿದಾಗ ಮುಖ ಸಪ್ಪಗಿದ್ದರೆ ಕಾರಣ ಇದೂ ಇರಬಹುದು. ಆ ಸಪ್ಪೆ ಮುಖದ ಹಿಂದಿನ ಲೆಕ್ಕಾಚಾರ ಅರ್ಥವಾಗಬೇಕಾದರೆ ಮೊದಲು ಆ ಐವರು ಯಾರೆಂದು ತಿಳಿಯಬೇಕು.

ಚೆಂಡು ಮುಟ್ಟದ ಐವರು

ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಪ್ರತಿ ಅವಕಾಶವೂ ಶುರುವಾಗುವುದು ಸಾಲಿನ ನಡುವೆ ಬಗ್ಗಿ ನಿಂತ ಸೆಂಟರ್ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟಾಗ. ಅವನ ಎರಡು ಪಕ್ಕದಲ್ಲಿ ಇಬ್ಬರು ಗಾರ್ಡ್‌ಗಳು, ಅವರ ಆಚೆ ಇಬ್ಬರು ಟ್ಯಾಕಲ್‌ಗಳು. ಒಟ್ಟು ಐದು ಜನ. ಒಬ್ಬೊಬ್ಬರೂ ಸುಮಾರು 140 ಕಿಲೋ ತೂಗುವ ಆಳುಗಳು. ಇವರೇ ಆಫೆನ್ಸಿವ್ ಲೈನ್.

ಇವರ ಪಾಲಿಗೆ ಹೆಸರು ಬರುವಂಥದ್ದು ಏನೂ ಇಲ್ಲ. ಸಾಮಾನ್ಯ ಸನ್ನಿವೇಶದಲ್ಲಿ ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯಲು ನಿಯಮವೇ ಇವರಿಗೆ ಬಿಡುವುದಿಲ್ಲ. ಎದುರಾಳಿಯ ಅಂಗಿ ಹಿಡಿದೆಳೆದರೆ 10 ಗಜ ದಂಡ. ಎದುರಿನಿಂದ ನುಗ್ಗಿಬರುವವನನ್ನು ಎದೆಯಿಂದ, ಅಂಗೈಯಿಂದ, ಕಾಲಿನ ಚಲನೆಯಿಂದ ತಡೆಯುತ್ತ ಹಿಂದಕ್ಕೆ ಸರಿಯಬೇಕು. ಎಷ್ಟು ಹೊತ್ತು? ಎರಡೂವರೆಯಿಂದ ಮೂರು ಸೆಕೆಂಡ್. ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆದುಬಿಡಬೇಕು. ಎಸೆಯುವ ಮೊದಲೇ ಅವನನ್ನು ಸಾಲಿನ ಹಿಂದೆ ಕೆಡವಿದರೆ ಅದು ಸ್ಯಾಕ್. ಒಂದು ಅವಕಾಶವೂ ಹೋಯಿತು, ಏಳೆಂಟು ಗಜ ಜಾಗವೂ ಹೋಯಿತು. 10 ಗಜ ಬೇಕಿದ್ದ ಕಡೆ ಈಗ 17 ಬೇಕು. ಅಂಥ ಜಾಗದಲ್ಲಿ ಎದುರಾಳಿಗೆ ಊಹಿಸುವ ಕೆಲಸವೇ ಉಳಿಯುವುದಿಲ್ಲ, ಚೆಂಡು ದೂರ ಎಸೆಯಲೇಬೇಕೆಂದು ಅವರಿಗೂ ಗೊತ್ತು.

ಕಬಡ್ಡಿಯಲ್ಲಿ ರೈಡರ್‌ನನ್ನು ಸುತ್ತುವರಿಯುವಾಗ ಕೈಕೈ ಹಿಡಿದ ಸರಪಳಿಯಲ್ಲಿ ಒಬ್ಬ ತಡವಾದರೂ ಸಂದು ಬೀಳುತ್ತದಲ್ಲ, ಇಲ್ಲೂ ಹಾಗೆಯೇ. ಎದುರಾಳಿಗಳಿಬ್ಬರು ಓಡಿಬಂದು ಮಧ್ಯದಲ್ಲಿ ಜಾಗ ಅದಲುಬದಲು ಮಾಡಿಕೊಂಡರೆ, ಗಾರ್ಡ್ ತಾನು ತಡೆಯುತ್ತಿದ್ದವನನ್ನು ಪಕ್ಕದ ಟ್ಯಾಕಲ್‌ಗೆ ಒಪ್ಪಿಸಿ, ಅವನವನನ್ನು ತಾನು ವಹಿಸಿಕೊಳ್ಳಬೇಕು. ಮಾತಾಡಲು ಸಮಯವಿಲ್ಲ. ಪಕ್ಕದವನ ಹೆಜ್ಜೆ ಗೊತ್ತಿದ್ದರೆ ಮಾತ್ರ ಆಗುವ ಕೆಲಸ. ಹಾಗಾಗಿ ನಾಲ್ವರು ಚೆನ್ನಾಗಿ ಆಡಿ ಒಬ್ಬ ಎಡವಿದರೂ ಸ್ಯಾಕ್, ಐವರೂ ಒಳ್ಳೆಯವರಾಗಿದ್ದು ವಾರವಾರ ಬದಲಾಗುತ್ತಿದ್ದರೂ ಸ್ಯಾಕ್.

ಶಿಕಾಗೊದಲ್ಲಿ ಆದದ್ದೇನು?

ಬೇರ್ಸ್ 1920ರಲ್ಲಿ ಹುಟ್ಟಿದ ತಂಡ. ಸೂಪರ್ ಬೌಲ್ ಗೆದ್ದದ್ದು ಒಮ್ಮೆ ಮಾತ್ರ, 1986ರ ಜನವರಿಯಲ್ಲಿ. ಒಂದು ಸೀಸನ್‌ನಲ್ಲಿ 4,000 ಗಜ ಎಸೆದ ಕ್ವಾರ್ಟರ್‌ಬ್ಯಾಕ್ ಈ ತಂಡದ ಇತಿಹಾಸದಲ್ಲೇ ಇಲ್ಲ. ಹೀಗೆ ದಶಕಗಳಿಂದ ಕಾಯುತ್ತಿದ್ದ ಊರಿಗೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಮ್ಸ್ ಬಂದಾಗ ನಿರೀಕ್ಷೆ ಮುಗಿಲು ಮುಟ್ಟಿತ್ತು. 2022ರಲ್ಲಿ ಕಾಲೇಜು ಆಟದ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಗೆದ್ದ ಹುಡುಗ ಆತ.

ಅದೇ ಡ್ರಾಫ್ಟ್‌ನಲ್ಲಿ ಬೇರ್ಸ್ ಕೈಯಲ್ಲಿ ಒಂಬತ್ತನೇ ಆಯ್ಕೆಯೂ ಇತ್ತು. ಅದನ್ನು ಚೆಂಡು ಹಿಡಿಯುವ ರಿಸೀವರ್ ರೋಮ್ ಒಡುನ್ಜೆಗೆ ಬಳಸಿದರು. ಆಗ ಓಲು ಫಶಾನು, ಟಲೀಸಿ ಫುಆಗಾ ಮುಂತಾದ ಹೆಸರಾಂತ ಟ್ಯಾಕಲ್‌ಗಳು ಇನ್ನೂ ಉಳಿದಿದ್ದರು. ಲೈನ್‌ಗೆಂದು ತಂದದ್ದು ಮೂರನೇ ಸುತ್ತಿನಲ್ಲಿ ಯೇಲ್ ವಿಶ್ವವಿದ್ಯಾಲಯದ ಕಿರಾನ್ ಅಮೆಗಾಡ್ಜಿಯನ್ನು. ಆಗ ಇದನ್ನು ದೊಡ್ಡ ತಪ್ಪೆಂದು ಕಂಡವರು ಕಡಿಮೆ. ನವೆಂಬರ್ ಹೊತ್ತಿಗೆ ಆ ಒಂಬತ್ತನೇ ಆಯ್ಕೆಯ ಬಗ್ಗೆ ವಾದವೋ ವಾದ.

ಸೀಸನ್‌ನ ಎರಡನೇ ವಾರದಲ್ಲೇ ಹ್ಯೂಸ್ಟನ್ ಟೆಕ್ಸನ್ಸ್ ವಿರುದ್ಧ ಏಳು ಸ್ಯಾಕ್. ಆದರೂ ತಂಡ ಚೇತರಿಸಿಕೊಂಡು ನಾಲ್ಕು ಗೆಲುವು, ಎರಡು ಸೋಲಿಗೆ ಬಂತು. ಅಕ್ಟೋಬರ್ 27ರಂದು ವಾಷಿಂಗ್ಟನ್ ಎದುರು ಕೊನೆಯ ಕ್ಷಣದ ಒಂದು ಉದ್ದ ಎಸೆತಕ್ಕೆ 18-15ರಲ್ಲಿ ಸೋತರು. ಎಸೆದವರು ಅದೇ ಡ್ರಾಫ್ಟ್‌ನ ಎರಡನೇ ಆಯ್ಕೆ ಜೇಡನ್ ಡೇನಿಯಲ್ಸ್. ಗಾಯಕ್ಕೆ ಉಪ್ಪು ಸವರಿದಂತೆ! ಅಲ್ಲಿಂದ ಸತತ ಹತ್ತು ಸೋಲು. ನವೆಂಬರ್ 10ರಂದು ಸ್ವಂತ ಅಂಗಳ ಸೋಲ್ಜರ್ ಫೀಲ್ಡ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 19-3ರಿಂದ ಸೋಲಿಸಿತು, ಒಂಬತ್ತು ಸ್ಯಾಕ್ ಮಾಡಿತು. ಎರಡು ದಿನದಲ್ಲಿ ಆಕ್ರಮಣ ವಿಭಾಗದ ಕೋಚ್ ಶೇನ್ ವಾಲ್ಡ್ರನ್ ಮನೆಗೆ ಹೋದರು.

ನವೆಂಬರ್ 28ರ ಥ್ಯಾಂಕ್ಸ್‌ಗಿವಿಂಗ್ ಪಂದ್ಯವಂತೂ ಈ ಇಡೀ ವಾದದ ಸಾರಾಂಶ. ಡೆಟ್ರಾಯಿಟ್ ಲಯನ್ಸ್ ಎದುರು ಬೇರ್ಸ್ 23-20ರಲ್ಲಿ ಹಿಂದಿತ್ತು. ಫೀಲ್ಡ್ ಗೋಲ್ ಹೊಡೆದು ಸಮ ಮಾಡಬಹುದಾದಷ್ಟು ಹತ್ತಿರ ಬಂದಿದ್ದರು. ಉಳಿದದ್ದು ಅರ್ಧ ನಿಮಿಷದ ಆಸುಪಾಸು. ಆಗ ವಿಲಿಯಮ್ಸ್ ಸ್ಯಾಕ್ ಆದರು. ಗಡಿಯಾರ ಓಡುತ್ತಲೇ ಇತ್ತು. ಒಂದು ಟೈಮ್‌ಔಟ್ ಕೈಯಲ್ಲಿತ್ತು, ಕೋಚ್ ಕರೆಯಲಿಲ್ಲ. ಹೊಸ ಹುಡುಗ ಅವಸರದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೊನೆಯ ಚೆಂಡು ಎಸೆಯುವಷ್ಟರಲ್ಲಿ ಸಮಯ ಮುಗಿದೇ ಹೋಯಿತು. ಲೈನ್ ತಡೆಯಲಿಲ್ಲ, ಕ್ವಾರ್ಟರ್‌ಬ್ಯಾಕ್ ಚೆಂಡು ಬಿಡಲಿಲ್ಲ, ಕೋಚ್ ಕೈ ಎತ್ತಲಿಲ್ಲ. ಮರುದಿನ ಮುಖ್ಯ ಕೋಚ್ ಮ್ಯಾಟ್ ಎಬರ್‌ಫ್ಲಸ್ ವಜಾ. ಸೀಸನ್ ನಡುವೆ ಮುಖ್ಯ ಕೋಚ್ ಅನ್ನು ಕಿತ್ತುಹಾಕಿದ್ದು ಬೇರ್ಸ್ ಇತಿಹಾಸದಲ್ಲಿ ಅದೇ ಮೊದಲು.

ಡಿಸೆಂಬರ್ 26ರಂದು ಸಿಯಾಟಲ್ ಸೀಹಾಕ್ಸ್ ಎದುರು 6-3ರ ಸೋಲು, ಮತ್ತೆ ಏಳು ಸ್ಯಾಕ್. ಆ ರಾತ್ರಿ ಪ್ರೇಕ್ಷಕರು ಮಾಲೀಕರತ್ತ ತಿರುಗಿ ತಂಡವನ್ನು ಮಾರಿಬಿಡಿ ಎಂದು ಕೂಗಿದರು. ಕೊನೆಗೆ 5 ಗೆಲುವು, 12 ಸೋಲು.

ಲೈನ್‌ದೇ ತಪ್ಪು ಎನ್ನುವವರ ವಾದ

ಈ ಪಕ್ಷದವರ ಕೈಯಲ್ಲಿ ಬಲವಾದ ಹಳೆಯ ಉದಾಹರಣೆ ಇದೆ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ಡೇವಿಡ್ ಕಾರ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ತಂದಿತು. ಅವರನ್ನು ಕಾಯಲೆಂದು ಜ್ಯಾಕ್ಸನ್‌ವಿಲ್‌ನ ದಿಗ್ಗಜ ಟ್ಯಾಕಲ್ ಟೋನಿ ಬೊಸೆಲ್ಲಿಯನ್ನೂ ಪಡೆದುಕೊಂಡಿತು. ಆದರೆ ಭುಜದ ಗಾಯದಿಂದ ಬೊಸೆಲ್ಲಿ ಟೆಕ್ಸನ್ಸ್ ಪರ ಒಂದೇ ಒಂದು ಪಂದ್ಯ ಆಡದೆ ನಿವೃತ್ತರಾದರು. ಮೊದಲ ಪಂದ್ಯದಲ್ಲಿ ನೆರೆಯ ಡಲ್ಲಾಸ್ ಕೌಬಾಯ್ಸ್ ಅನ್ನು 19-10ರಿಂದ ಮಣಿಸಿ ಹ್ಯೂಸ್ಟನ್ ಕುಣಿದಾಡಿತು. ಸೀಸನ್ ಮುಗಿದಾಗ ಕಾರ್ 76 ಬಾರಿ ಸ್ಯಾಕ್ ಆಗಿದ್ದರು. ಎನ್‌ಎಫ್‌ಎಲ್‌ನಲ್ಲಿ ಆ ದಾಖಲೆ ಇನ್ನೂ ಮುರಿದಿಲ್ಲ. 2005ರಲ್ಲಿ ಮತ್ತೆ 68. ಐದು ವರ್ಷದಲ್ಲಿ ಒಟ್ಟು 249. 2007ರಲ್ಲಿ ತಂಡ ಅವರನ್ನು ಕೈಬಿಟ್ಟಿತು, ಆಮೇಲೆ ಅವರು ಬೇರೆಯವರ ಬದಲಿಯಾಗಿಯೇ ಉಳಿದರು. ವಿಲಿಯಮ್ಸ್ ಅವರ 68, ಕಾರ್ ಅವರ 2005ರ ಅಂಕಿಗೆ ಸರಿಸಮ. ಶಿಕಾಗೊದವರು ಹೆದರಿದ್ದರಲ್ಲಿ ಅರ್ಥವಿತ್ತು.

ಸ್ಯಾಕ್ ಬರೀ ಅಂಕಿಯಲ್ಲ, ಮೈಮೇಲೆ ಬೀಳುವ ಪೆಟ್ಟು. 2020ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಮೊದಲ ಆಯ್ಕೆಯಾಗಿ ತಂದ ಜೋ ಬರೋ ಹತ್ತು ಪಂದ್ಯಗಳಲ್ಲಿ 32 ಬಾರಿ ಸ್ಯಾಕ್ ಆಗಿ, ನವೆಂಬರ್ 22ರಂದು ವಾಷಿಂಗ್ಟನ್‌ನಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಸೀಸನ್ ಕಳೆದುಕೊಂಡರು. ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಆಂಡ್ರ್ಯೂ ಲಕ್ ಕತೆ ಇನ್ನೂ ಕಹಿ. ಭುಜ, ಮೂತ್ರಪಿಂಡ, ಹೊಟ್ಟೆಯ ಸ್ನಾಯು ಎಂದು ಒಂದಾದ ಮೇಲೊಂದು ಗಾಯ. 2017ರ ಇಡೀ ಸೀಸನ್ ಹೊರಗೆ. ತಂಡ 2018ರಲ್ಲಿ ಆರನೇ ಆಯ್ಕೆಯನ್ನು ಕ್ವೆಂಟನ್ ನೆಲ್ಸನ್ ಎಂಬ ಗಾರ್ಡ್‌ಗೆ ಬಳಸಿತು, ಆ ವರ್ಷ ಲಕ್ ಕೇವಲ 18 ಬಾರಿ ಸ್ಯಾಕ್ ಆದರು. ಆದರೆ ಹೊತ್ತು ಮೀರಿತ್ತು. 2019ರ ಆಗಸ್ಟ್ 24ರಂದು, 29ನೇ ವಯಸ್ಸಿಗೆ ನಿವೃತ್ತಿ. ಸುದ್ದಿ ಹೊರಬಿದ್ದಾಗ ಸ್ವಂತ ಅಂಗಳದ ಪ್ರೇಕ್ಷಕರೇ ಅವರನ್ನು ಛೀಮಾರಿ ಹಾಕಿ ಕಳಿಸಿದರು. ಅಭಿಮಾನ ಎಷ್ಟು ಕ್ರೂರ ಆಗಬಲ್ಲದು ನೋಡಿ.

ಪೆಟ್ಟು ಮನಸ್ಸಿಗೂ ತಗಲುತ್ತದೆ. 2019ರಲ್ಲಿ ನ್ಯೂಯಾರ್ಕ್ ಜೆಟ್ಸ್‌ನ ಸ್ಯಾಮ್ ಡಾರ್ನಲ್ಡ್, ಪೇಟ್ರಿಯಟ್ಸ್ ಎದುರು 33-0ರ ಸೋಲಿನ ನಡುವೆ, ತನಗೆ ದೆವ್ವಗಳು ಕಾಣಿಸುತ್ತಿವೆ ಎಂದದ್ದು ಮೈಕ್‌ನಲ್ಲಿ ಸೆರೆಯಾಗಿ ಟಿವಿಯಲ್ಲಿ ಪ್ರಸಾರವಾಯಿತು. ಬರದ ಎದುರಾಳಿಯೂ ಬಂದಂತೆ ಕಾಣುವುದು, ತೆರೆದಿದ್ದ ರಿಸೀವರ್ ಕಾಣದೇ ಹೋಗುವುದು. ಅವರು ಜೆಟ್ಸ್ ಬಿಟ್ಟು, ಊರೂರು ಅಲೆದು, 2024ರಲ್ಲಿ ಮಿನೆಸೋಟ ವೈಕಿಂಗ್ಸ್‌ಗೆ 14 ಪಂದ್ಯ ಗೆದ್ದುಕೊಟ್ಟರು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು.

ಹಾಗಾದರೆ ಹುಡುಗನ ಪಾಲೇನೂ ಇಲ್ಲವೇ?

ಇದೆ, ಮತ್ತು ಲೈನ್ ಅನ್ನೇ ದೂರುವವರು ಇದನ್ನು ಒಪ್ಪಲು ಹಿಂಜರಿಯುತ್ತಾರೆ. 1998ರಲ್ಲಿ ಪೇಟನ್ ಮ್ಯಾನಿಂಗ್ ಎಂಬ ಹೊಸ ಹುಡುಗ ಕೋಲ್ಟ್ಸ್‌ಗೆ ಬಂದಾಗ ತಂಡ 3-13ರಲ್ಲಿ ಮುಳುಗಿತು, ಅವರ 28 ಎಸೆತಗಳು ಎದುರಾಳಿಯ ಕೈಸೇರಿದವು. ಹೊಸಬರಲ್ಲಿ ಅದು ಇಂದಿಗೂ ಕೆಟ್ಟ ದಾಖಲೆ. ಆದರೆ ಅಷ್ಟು ಕೆಟ್ಟ ತಂಡದಲ್ಲೂ ಅವರು ಸ್ಯಾಕ್ ಆದದ್ದು 22 ಸಲ ಮಾತ್ರ. ತಪ್ಪೋ ಸರಿಯೋ, ಚೆಂಡು ಕೈಬಿಟ್ಟು ಹೋಗುತ್ತಿತ್ತು. ವಿಲಿಯಮ್ಸ್‌ದು ಇದಕ್ಕೆ ತೀರಾ ಉಲ್ಟಾ. ಎದುರಾಳಿಗೆ ಕೊಟ್ಟದ್ದು ಆರೇ ಎಸೆತ. ಆ ಎಚ್ಚರಿಕೆಗೆ ತೆತ್ತ ಬೆಲೆಯೇ ಆ 68ರಲ್ಲಿ ಒಂದು ಭಾಗ ಎಂದರೆ ತಪ್ಪಾಗದು.

ಕಾಲೇಜಿನಲ್ಲಿ ವಿಲಿಯಮ್ಸ್ ಹೆಸರು ಮಾಡಿದ್ದೇ ಯೋಜನೆ ಮುರಿದ ಮೇಲೆ. ಹಿಂದೆ ಓಡಿ, ಸುತ್ತಿ, ಒಬ್ಬರನ್ನು ತಪ್ಪಿಸಿ, ನಾಲ್ಕೈದು ಸೆಕೆಂಡ್ ಎಳೆದು ಯಾರೂ ಊಹಿಸದ ಕಡೆ ಚೆಂಡು ಎಸೆಯುವುದು. ಎನ್‌ಎಫ್‌ಎಲ್‌ನಲ್ಲಿ ಅಟ್ಟಿಸಿಕೊಂಡು ಬರುವವರು 120 ಕಿಲೋ ತೂಕವಿದ್ದೂ ಜಿಂಕೆಯಂತೆ ಓಡುತ್ತಾರೆ. ಅಲ್ಲಿ ತಪ್ಪಿಸಿಕೊಂಡದ್ದು ಇಲ್ಲಿ ಸಿಕ್ಕಿಬೀಳುತ್ತದೆ. ಲೈನ್ ಮೂರು ಸೆಕೆಂಡ್ ತಡೆದು, ನಾಲ್ಕನೆಯದರಲ್ಲಿ ಸ್ಯಾಕ್ ಆದರೆ ಅದನ್ನು ಯಾರ ಲೆಕ್ಕಕ್ಕೆ ಬರೆಯುವುದು? ಈ ಆಟವನ್ನು ಅಂಕಿಗಳಲ್ಲಿ ಅಳೆಯುವವರು ಹಿಂದಿನಿಂದಲೂ ಹೇಳುತ್ತ ಬಂದಿರುವುದು, ಸ್ಯಾಕ್ ಆಗುವ ಚಾಳಿ ಕ್ವಾರ್ಟರ್‌ಬ್ಯಾಕ್ ಜೊತೆಗೇ ಒಂದು ತಂಡದಿಂದ ಇನ್ನೊಂದಕ್ಕೆ ಹೋಗುತ್ತದೆ ಎಂದು.

ಅನುಭವದ ಕೊರತೆ ಇನ್ನೊಂದು ಕಡೆ. ಸ್ನ್ಯಾಪ್‌ಗೆ ಮೊದಲು ಎದುರು ಸಾಲನ್ನು ನೋಡಿ ಯಾರು ನುಗ್ಗಬಹುದು, ಯಾರು ಸುಮ್ಮನೆ ಹೆದರಿಸುತ್ತಿದ್ದಾರೆ ಎಂದು ಅಂದಾಜಿಸಿ ಲೈನ್‌ಗೆ ಯಾವ ಕಡೆ ವಾಲಬೇಕೆಂದು ಹೇಳುವ ಹೊಣೆ ಸೆಂಟರ್ ಮತ್ತು ಕ್ವಾರ್ಟರ್‌ಬ್ಯಾಕ್ ಇಬ್ಬರದು. ಅನೇಕ ಕಾಲೇಜುಗಳಲ್ಲಿ ಹುಡುಗ ಪಕ್ಕದ ಗೆರೆಯತ್ತ ತಿರುಗಿದರೆ ಸಾಕು, ಕೋಚ್ ಎಲ್ಲವನ್ನೂ ಸನ್ನೆಯಲ್ಲಿ ಹೇಳಿಬಿಡುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಹೆಲ್ಮೆಟ್‌ನೊಳಗಿನ ರೇಡಿಯೊದಲ್ಲಿ ಕೋಚ್ ದನಿ ಕೇಳುವುದು ಗಡಿಯಾರದಲ್ಲಿ 15 ಸೆಕೆಂಡ್ ಉಳಿಯುವವರೆಗೆ ಮಾತ್ರ. ಆಮೇಲೆ ಅದು ಬಂದ್. ಎದುರಾಳಿ ತನ್ನ ನಿಜವಾದ ಹೂಟ ತೋರಿಸುವುದೇ ಆ 15 ಸೆಕೆಂಡಿನಲ್ಲಿ. 22 ವರ್ಷದ ಹುಡುಗ ಅಲ್ಲಿ ಒಂಟಿ.

ಹಾಗಿದ್ದರೆ ಒಂದೆರಡು ವರ್ಷ ಬೆಂಚಿನಲ್ಲಿ ಕೂರಿಸಿ ಕಲಿಸಬಾರದೇ? ಆರನ್ ರಾಜರ್ಸ್ ಮೂರು ವರ್ಷ ಕಾದರು, ಪ್ಯಾಟ್ರಿಕ್ ಮಹೋಮ್ಸ್ ಒಂದು ವರ್ಷ. ಆದರೆ ದುಡ್ಡಿನ ಲೆಕ್ಕ ಹಾಗೆ ಬಿಡುವುದಿಲ್ಲ. 2010ರಲ್ಲಿ ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ. ಮರುವರ್ಷ ಹೊಸ ವೇತನ ನಿಯಮ ಬಂದು ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಅಂದಿನಿಂದ ಹೊಸ ಕ್ವಾರ್ಟರ್‌ಬ್ಯಾಕ್ ಅಗ್ಗ. ಆ ಅಗ್ಗದ ವರ್ಷಗಳಲ್ಲೇ ಉಳಿದ ಹಣ ಸುರಿದು ತಂಡ ಕಟ್ಟಿ ಗೆಲ್ಲಬೇಕು ಎಂಬ ಅವಸರ ಎಲ್ಲರಿಗೂ. ಕೋಚ್‌ಗೋ ಕೆಲಸ ಉಳಿದರೆ ಸಾಕು. ಹುಡುಗನನ್ನು ಕಾಯಿಸುವಷ್ಟು ತಾಳ್ಮೆ ಯಾರಲ್ಲೂ ಇಲ್ಲ.

ಮೊದಲು ಗೋಡೆಯೋ, ಕಿಟಕಿಯೋ?

ಇಷ್ಟೆಲ್ಲ ಕೇಳಿದರೆ ಮೊದಲು ಲೈನ್ ಕಟ್ಟಬೇಕು, ರಿಸೀವರ್ ಆಮೇಲೆ ಎನಿಸುತ್ತದೆ. ಆದರೆ ಸಿನ್ಸಿನಾಟಿಯ ಕತೆ ಅಷ್ಟು ಸಲೀಸಲ್ಲ. ಬರೋ ಮೊಣಕಾಲು ಮುರಿದುಕೊಂಡ ಬೆನ್ನಿಗೆ 2021ರ ಡ್ರಾಫ್ಟ್ ಬಂತು. ಬೆಂಗಾಲ್ಸ್‌ದು ಐದನೇ ಆಯ್ಕೆ. ಒಂದು ಕಡೆ ಆ ವರ್ಷದ ಅತ್ಯುತ್ತಮ ಟ್ಯಾಕಲ್ ಎನಿಸಿದ್ದ ಪೆನೇ ಸ್ಯೂಯೆಲ್, ಇನ್ನೊಂದು ಕಡೆ ಕಾಲೇಜಿನಲ್ಲಿ ಬರೋ ಜೊತೆಗೇ ಆಡಿದ್ದ ರಿಸೀವರ್ ಜಮಾರ್ ಚೇಸ್. ಅಭಿಮಾನಿಗಳು ಎರಡು ಪಾಲಾದರು. ತಂಡ ಚೇಸ್ ಕೈಹಿಡಿಯಿತು.

ಚೇಸ್ ಮೊದಲ ವರ್ಷವೇ 1,455 ಗಜ ಗಳಿಸಿ ವರ್ಷದ ಶ್ರೇಷ್ಠ ಹೊಸ ಆಕ್ರಮಣ ಆಟಗಾರ ಎನಿಸಿದರು. ಬರೋ 51 ಬಾರಿ ಸ್ಯಾಕ್ ಆದರು, ಆ ಸೀಸನ್‌ನಲ್ಲಿ ಅದೇ ಅತಿ ಹೆಚ್ಚು. ಟೆನ್ನೆಸ್ಸಿ ಎದುರಿನ ಪ್ಲೇಆಫ್‌ನಲ್ಲಿ ಒಂಬತ್ತು ಸ್ಯಾಕ್ ತಿಂದೂ 19-16ರಿಂದ ಗೆದ್ದರು. ಸೂಪರ್ ಬೌಲ್ ತಲುಪಿದರು. ಅಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್ ಏಳು ಸ್ಯಾಕ್ ಮಾಡಿ 23-20ರಿಂದ ಗೆದ್ದಿತು. ಚೇಸ್ ಇಲ್ಲದೆ ಅಲ್ಲಿಗೆ ಬರುತ್ತಲೇ ಇರಲಿಲ್ಲ ಎನ್ನುವವರೂ ಸರಿ, ಲೈನ್ ಇದ್ದಿದ್ದರೆ ಕಪ್ ಮನೆಗೆ ಬರುತ್ತಿತ್ತು ಎನ್ನುವವರೂ ಸರಿ. ಇತ್ತ ಸ್ಯೂಯೆಲ್ ಏಳನೇ ಆಯ್ಕೆಯಾಗಿ ಡೆಟ್ರಾಯಿಟ್ ಸೇರಿದರು. ಅವರ ಸುತ್ತ ಲಯನ್ಸ್ ಕಟ್ಟಿದ ಲೈನ್ ಅಮೆರಿಕಕ್ಕೇ ಮಾದರಿಯಾಯಿತು, 2024ರಲ್ಲಿ ಆ ತಂಡ 15 ಪಂದ್ಯ ಗೆದ್ದಿತು. ಅಲ್ಲಿ ಆಕ್ರಮಣ ವಿಭಾಗದ ಕೋಚ್ ಆಗಿದ್ದವರು ಬೆನ್ ಜಾನ್ಸನ್.

2025ರ ಜನವರಿಯಲ್ಲಿ ಬೇರ್ಸ್ ಮುಖ್ಯ ಕೋಚ್ ಹುದ್ದೆಗೆ ಕರೆತಂದದ್ದು ಇದೇ ಜಾನ್ಸನ್‌ರನ್ನು. ಮಾರ್ಚ್‌ನಲ್ಲಿ ಲೈನ್‌ನ ನಡುಭಾಗವನ್ನೇ ಕಿತ್ತು ಹೊಸದು ಹಾಕಿದರು. ಕ್ಯಾನ್ಸಸ್ ಸಿಟಿಯಿಂದ ನಾಲ್ಕು ಸೂಪರ್ ಬೌಲ್ ಗೆದ್ದ ಗಾರ್ಡ್ ಜೋ ಥೂನಿ, ರ್‍ಯಾಮ್ಸ್‌ನಿಂದ ಜಾನ್ಸನ್‌ಗೆ ಡೆಟ್ರಾಯಿಟ್‌ನಲ್ಲೇ ಪರಿಚಯವಿದ್ದ ಗಾರ್ಡ್ ಜೋನಾ ಜ್ಯಾಕ್ಸನ್, ಅಟ್ಲಾಂಟಾದಿಂದ ಸೆಂಟರ್ ಡ್ರೂ ಡಾಲ್ಮನ್. ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಟ್ಯಾಕಲ್ ಓಜಿ ಟ್ರಪಿಲೊ. ಥೂನಿ ಬಂದದ್ದರಲ್ಲಿ ಒಂದು ತಮಾಷೆಯೂ ಇದೆ. ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಎಡ ಟ್ಯಾಕಲ್ ಸಮಸ್ಯೆ ಮುಚ್ಚಲು ಕ್ಯಾನ್ಸಸ್ ಸಿಟಿ ಗಾರ್ಡ್ ಆಗಿದ್ದ ಅವರನ್ನೇ ಅಲ್ಲಿ ನಿಲ್ಲಿಸಿತ್ತು. ಮಹೋಮ್ಸ್‌ರಂಥ ಮಹೋಮ್ಸ್ ಆರು ಬಾರಿ ಸ್ಯಾಕ್ ಆಗಿ ಫಿಲಡೆಲ್ಫಿಯಾ ಎದುರು 40-22ರಲ್ಲಿ ಸೋತರು. ಲೈನ್ ಒಡೆದರೆ ಹಳಬ, ಹೊಸಬ ಎಂಬ ಭೇದವಿಲ್ಲ.

2025ರ ಸೀಸನ್‌ನಲ್ಲಿ ವಿಲಿಯಮ್ಸ್ ಸ್ಯಾಕ್ ಆದದ್ದು 24 ಸಲ. 68 ಎಲ್ಲಿ, 24 ಎಲ್ಲಿ! 3,942 ಗಜ ಎಸೆದು ತಂಡದ ದಾಖಲೆ ಬರೆದರು, ಆ 4,000 ಮಾತ್ರ ಕೂದಲೆಳೆಯಲ್ಲಿ ತಪ್ಪಿತು. ಬೇರ್ಸ್ 11-6ರೊಂದಿಗೆ ತನ್ನ ವಿಭಾಗ ಗೆದ್ದು, ಪ್ಲೇಆಫ್‌ನಲ್ಲಿ ಬದ್ಧವೈರಿ ಗ್ರೀನ್ ಬೇ ಪ್ಯಾಕರ್ಸ್ ಅನ್ನು 31-27ರಿಂದ ಹೊರದಬ್ಬಿತು.

ಹಾಗೆಂದು ಹಳೆಯ ವಾದ ತೀರ್ಮಾನವಾಯಿತೇ? ಇಲ್ಲ. ಹೊಸ ಲೈನ್, ಹೊಸ ಕೋಚ್, ಎರಡನೇ ವರ್ಷದ ಕ್ವಾರ್ಟರ್‌ಬ್ಯಾಕ್, ಮೂರೂ ಒಟ್ಟಿಗೇ ಬದಲಾದವು. ಯಾವುದರಿಂದ ಎಷ್ಟು ಕಡಿಮೆಯಾಯಿತೆಂದು ಬಿಡಿಸಿ ಹೇಳಲು ಸಾಧ್ಯವಿಲ್ಲ. ಲೈನ್ ಪಕ್ಷದವರು ಥೂನಿಯನ್ನು ತೋರಿಸುತ್ತಾರೆ. ಹುಡುಗನೇ ಚೆಂಡು ಬೇಗ ಬಿಡಲು, ಸಿಕ್ಕಿಬೀಳುವ ಮೊದಲು ಹೊರಗೆ ಎಸೆದುಬಿಡಲು ಕಲಿತ ಎನ್ನುವವರು ಅದನ್ನು ತೋರಿಸುತ್ತಾರೆ. ಇನ್ನು ಆ ಎಡ ಟ್ಯಾಕಲ್ ಜಾಗ? ಬಲಗೈ ಎಸೆತಗಾರನ ಬೆನ್ನು ಕಾಯುವ, ಲೈನ್‌ನಲ್ಲೇ ಅತಿ ನಾಜೂಕಿನ ಆ ಸ್ಥಾನದಲ್ಲಿ ಬ್ರ್ಯಾಕ್ಸ್‌ಟನ್ ಜೋನ್ಸ್, ಥಿಯೊ ಬೆನೆಡೆಟ್, ಟ್ರಪಿಲೊ ಎಂದು ಒಂದೇ ಸೀಸನ್‌ನಲ್ಲಿ ಮೂವರು ನಿಂತರು. ಶಿಕಾಗೊದ ಅಭಿಮಾನಿಗಳ ಮುಂದಿನ ಜಗಳ ಆಗಲೇ ಅಲ್ಲಿ ಶುರುವಾಗಿತ್ತು.